ಮೂರು ತಿಂಗಳಿಂದ ಬಿಡದ ಜ್ವರ: ಅಪ್ಪಯ್ಯನಿಗೆ ಆಗಿರುವುದು ಕ್ಷಯವೇ, ಬೇರೆಯೇ?

ಬ್ರಹ್ಮಾವರದ ಮಗಳು (ಅಕ್ಟೋಬರ್ 8)

ಎಲ್ಲರಿಗೂ ನಮಸ್ಕಾರ. ನನ್ನ ಅಪ್ಪಯ್ಯನಿಗೆ ಈಗ 57 ವರ್ಷ. ಬ್ರಹ್ಮಾವರದಿಂದ ಒಳಗೆ, ಸೀತಾನದಿಯ ಹತ್ತಿರದ ಊರಿನಲ್ಲಿ ಒಂದೂವರೆ ಎಕರೆ ಬೈಲುಗದ್ದೆ, ಸ್ವಲ್ಪ ಅಡಿಕೆ, ಎರಡು ಹಸು ಇಟ್ಟುಕೊಂಡು ಬದುಕಿದವರು. ಸಕ್ಕರೆ ಕಾಯಿಲೆ ಹನ್ನೊಂದು ವರ್ಷದಿಂದ ಇದೆ. ಅದನ್ನು ಅವರು ಅಷ್ಟೇನೂ ಲೆಕ್ಕಕ್ಕೆ ತೆಗೆದುಕೊಂಡವರಲ್ಲ. ನಾನು ಮಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಪ್ರತಿ ಶನಿವಾರ ಊರಿಗೆ ಹೋದಾಗಲೂ ಅವರು ಹಿಂದಿನ ವಾರಕ್ಕಿಂತ ಸಣ್ಣಗಾಗಿರುವುದನ್ನು ನೋಡುತ್ತಿದ್ದೇನೆ. ಆಗಿರುವುದೇನು ಎಂಬುದನ್ನು ಮಾತ್ರ ಇದುವರೆಗೆ ಯಾರೂ ಖಚಿತವಾಗಿ ಹೇಳಿಲ್ಲ. ಆದ್ದರಿಂದ ನಡೆದದ್ದನ್ನೆಲ್ಲ ತಾರೀಖಿನ ಕ್ರಮದಲ್ಲಿ ಬರೆಯುತ್ತಿದ್ದೇನೆ, ಉದ್ದವಾದರೆ ಕ್ಷಮಿಸಬೇಕು.

ಜುಲೈ ಮೊದಲ ವಾರ ನಮ್ಮಲ್ಲಿ ನಾಟಿ ಇತ್ತು. ಕೆಲಸಕ್ಕೆ ಜನ ಸಿಗದ ಕಾರಣ ಅಪ್ಪಯ್ಯ, ಅಮ್ಮ ಇಬ್ಬರೂ ಕೆಸರಿಗಿಳಿದು ನೇಜಿ ನೆಟ್ಟರು. ತೋಡಿನ ಬದಿಯ ಹುಣಿ ಕಟ್ಟುವಾಗ ಅಪ್ಪಯ್ಯನ ಬಲಗಾಲಿನ ಹಿಮ್ಮಡಿಗೆ ಕಲ್ಲು ತಾಗಿ ಗಾಯವಾಗಿತ್ತು. ಸಕ್ಕರೆ ಇರುವವರಾದ್ದರಿಂದ ನಾನು ಫೋನಿನಲ್ಲಿ ಗದರಿದೆ, ಅವರು ಅರಸಿನ ಹಚ್ಚಿ ಸುಮ್ಮನಾದರು, ಗಾಯ ಒಣಗಿತು. ಜುಲೈ 14ರಂದು ಚಳಿ ಹಿಡಿದು 103 ಡಿಗ್ರಿ ಜ್ವರ ಬಂತು. ಮಲೇರಿಯಾ ಇಲ್ಲ, ಡೆಂಗಿ ಇಲ್ಲ ಎಂದು ವರದಿ ಬಂತು. ಜ್ವರ ಇಳಿಯದಿದ್ದಾಗ 20ರಂದು ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಬಿಳಿ ರಕ್ತಕಣ 14,200 ಇತ್ತು. ಇಲಿಜ್ವರದ ಪರೀಕ್ಷೆ ಗಡಿರೇಖೆಯಲ್ಲಿದೆ ಎಂದರು, ಡಾಕ್ಸಿಸೈಕ್ಲಿನ್ ಮಾತ್ರೆಯನ್ನೂ ಒಂದು ಆಂಟಿಬಯೋಟಿಕ್ ಇಂಜೆಕ್ಷನನ್ನೂ ಏಳು ದಿನ ಕೊಟ್ಟರು. ಜ್ವರ ಬಿಟ್ಟಿತು, ಮನೆಗೆ ಬಂದರು, ಎರಡು ದಿನ ಗಂಜಿ ಚಟ್ನಿ ಚೆನ್ನಾಗಿ ಉಂಡರು. ನಮಗೆಲ್ಲ ಸಮಾಧಾನವಾಯಿತು.

ಆಗಸ್ಟ್ 5ರ ಸುಮಾರಿಗೆ ಮತ್ತೆ ಆರಂಭವಾಯಿತು. ಈ ಸಲ ಸಂಜೆಯ ಹೊತ್ತಿಗೆ ಮೈ ಬಿಸಿ, ರಾತ್ರಿ ಬನಿಯನ್ ಹಿಂಡುವಷ್ಟು ಬೆವರು, ಜೊತೆಗೆ ಕೆಮ್ಮು. ಎದೆಯ ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ನೆರಳು ಕಂಡಿತು. ಕಫದಲ್ಲಿ ಕ್ಷಯದ ರೋಗಾಣು ಸಿಗಲಿಲ್ಲ, ರೋಗಾಣುವಿನ ಡಿಎನ್ಎ ಹುಡುಕುವ ಸಿಬಿ-ನ್ಯಾಟ್ ಪರೀಕ್ಷೆಯಲ್ಲಿಯೂ ಸಿಗಲಿಲ್ಲ. ರಕ್ತದ ಕಲ್ಚರ್‌ನಲ್ಲಿ (ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಮುಖ್ಯವಾದದ್ದೇನೂ ಬಂದಿಲ್ಲ ಎಂದರು. ಆದರೂ ಎಕ್ಸ್‌ರೇ, ಬೆವರು, ತೂಕ ಇಳಿದಿರುವುದು ಎಲ್ಲವನ್ನೂ ಸೇರಿಸಿ ನೋಡಿ ಆಗಸ್ಟ್ 22ರಿಂದ ಕ್ಷಯದ ಮಾತ್ರೆ ಆರಂಭಿಸಿದರು. ಈಗ ಏಳು ವಾರವಾಗುತ್ತ ಬಂತು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದೊಂದೇ ನಮಗೆ ಕಂಡ ಬದಲಾವಣೆ. ತೂಕ 68 ಕಿಲೋ ಇದ್ದದ್ದು 57ಕ್ಕೆ ಬಂದಿದೆ. ಸೆಪ್ಟೆಂಬರ್ ಕೊನೆಯಿಂದ ಎಡ ಸೊಂಟದ ಕೀಲು ನೋಯುತ್ತಿದ್ದು, ಗೋಡೆ ಹಿಡಿಯದೆ ನಡೆಯಲು ಆಗುತ್ತಿಲ್ಲ. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಗುಲ್ಮದಲ್ಲಿ (ಸ್ಪ್ಲೀನ್) ಹಲವು ಸಣ್ಣ ಕಪ್ಪು ಚುಕ್ಕೆಗಳಿವೆ ಎಂದು ಬರೆದಿದ್ದಾರೆ. ದೇಹದೊಳಗಿನ ಉರಿಯೂತ ತೋರಿಸುವ ಇಎಸ್‌ಆರ್ 96, ಮೂರು ತಿಂಗಳ ಸಕ್ಕರೆಯ ಸರಾಸರಿ 11.2. ಎಚ್‌ಐವಿ ಇಲ್ಲ, ಹೃದಯದ ಎಕೋ ಸರಿಯಿದೆ. ಈಗ ಅಲ್ಲಿನ ವೈದ್ಯರು ಔಷಧಕ್ಕೆ ಬಗ್ಗದ ಕ್ಷಯ ಇರಬಹುದು, ಅಥವಾ ದುಗ್ಧಗ್ರಂಥಿಯ ಕ್ಯಾನ್ಸರ್ ಇರಬಹುದು ಎನ್ನುತ್ತಿದ್ದು, ಮೂಳೆಯ ಮಜ್ಜೆಯ ಪರೀಕ್ಷೆಗೆ ಸೂಚಿಸಿದ್ದಾರೆ.

ಸೋದರಮಾವ ಪ್ರಶ್ನೆ ಇಡಿಸಿದ್ದಾರೆ, ನಾಗನ ವಿಷಯ ಕಂಡಿದೆಯಂತೆ, ಅದಕ್ಕೆ ಬೇಕಾದ್ದನ್ನು ಮಾಡಿಸಿದ್ದಾರೆ. ಅದು ಮನೆಯವರ ನಂಬಿಕೆ, ಅದರ ಚರ್ಚೆ ಇಲ್ಲಿ ಬೇಡ. ನನಗೆ ತಿಳಿಯಬೇಕಾದದ್ದು ಬೇರೆ. ಬೇರೆ ಆಸ್ಪತ್ರೆಗೆ ಹೋಗುವುದಾದರೆ ಯಾವ ವಿಭಾಗದವರನ್ನು ಕಾಣಬೇಕು? ಈಗ ನೋಡುತ್ತಿರುವ ವೈದ್ಯರಿಗೆ ಬೇಸರವಾಗದಂತೆ ಅದನ್ನು ಹೇಳುವುದು ಹೇಗೆ? ಯಾರ ಮನೆಯಲ್ಲಾದರೂ ಇಂಥದ್ದು ನಡೆದಿದ್ದರೆ ಕೊನೆಗೆ ಏನೆಂದು ಗೊತ್ತಾಯಿತು?

ಕೋಟದ ಹಳಬ

ತಂಗಿ, ಮನೆಯಲ್ಲಿ ಹಸುಗಳಿವೆ ಎಂದು ಬರೆದಿದ್ದೀರಿ. ಈ ವರ್ಷ ಯಾವುದಾದರೂ ಹಸು ಕಂದು ಹಾಕಿತ್ತೇ? ಕೆಲವು ವರ್ಷಗಳ ಹಿಂದೆ ನನ್ನ ತಮ್ಮನಿಗೆ ಎರಡು ತಿಂಗಳು ಹೀಗೆಯೇ ಬಿಟ್ಟು ಬಿಟ್ಟು ಜ್ವರ, ಬೆವರು, ಸೊಂಟನೋವು ಇತ್ತು. ಕೊನೆಗೆ ಅದು ದನಗಳಿಂದ ಬರುವ ಬ್ರುಸೆಲ್ಲೋಸಿಸ್ ಎಂದು ಗೊತ್ತಾಯಿತು. ಅವನು ಹಸುವಿನ ಹೆರಿಗೆಯಲ್ಲಿ ಬರಿಗೈಯಲ್ಲಿ ಸಹಾಯ ಮಾಡಿದ್ದ. ರಕ್ತದ ಒಂದು ಪರೀಕ್ಷೆಯಲ್ಲಿ ತಿಳಿಯಿತು, ಆರು ವಾರದ ಔಷಧದಲ್ಲಿ ಗುಣವಾಯಿತು. ನಿಮ್ಮ ತಂದೆಯವರಿಗೂ ಅದೇ ಎಂದು ನಾನು ಹೇಳುವುದಿಲ್ಲ. ಆದರೆ ಹಸು ಸಾಕುತ್ತೇವೆ ಎಂಬುದನ್ನು ಅಲ್ಲಿಯವರೆಗೆ ನಾವು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ, ಅದಕ್ಕಾಗಿ ಬರೆದೆ.

ನಿವೃತ್ತ ವೈದ್ಯ, ಉಡುಪಿ

ನಾನು ಸಾಮಾನ್ಯ ವೈದ್ಯಕೀಯದಲ್ಲಿ ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಕೆಲಸ ಮಾಡಿ ಈಗ ವಿಶ್ರಾಂತಿಯಲ್ಲಿರುವವನು. ರೋಗಿಯನ್ನು ಮುಟ್ಟಿ ನೋಡದೆ ರೋಗದ ಹೆಸರು ಹೇಳುವುದು ಸರಿಯಲ್ಲ, ಹೇಳುವುದೂ ಇಲ್ಲ. ಆದರೆ ನೀವು ತಾರೀಖಿನ ಕ್ರಮದಲ್ಲಿ ಬರೆದದ್ದರಿಂದ ಯೋಚಿಸಲು ದಾರಿಯಾಗಿದೆ, ಆದ್ದರಿಂದ ನನಗೆ ಹೊಳೆದದ್ದನ್ನು ತಿಳಿಸುತ್ತೇನೆ.

ಮೂರು ವಾರಕ್ಕಿಂತ ಹೆಚ್ಚು ಕಾಲ 38.3 ಡಿಗ್ರಿ ಸೆಲ್ಸಿಯಸ್, ಅಂದರೆ ಸುಮಾರು 101 ಫ್ಯಾರನ್‌ಹೀಟ್ ಮೀರಿ ಮತ್ತೆ ಮತ್ತೆ ಬರುವ, ಆಸ್ಪತ್ರೆಯಲ್ಲಿ ಒಂದು ವಾರ ಹುಡುಕಿದರೂ ಕಾರಣ ಸಿಗದ ಜ್ವರವನ್ನು ಪ್ರತ್ಯೇಕವಾಗಿ ಗುರುತಿಸಬೇಕೆಂದು ಪೀಟರ್ಸ್‌ಡಾರ್ಫ್ ಮತ್ತು ಬೀಸನ್ ಎಂಬ ಇಬ್ಬರು ವೈದ್ಯರು 1961ರಲ್ಲಿಯೇ ಬರೆದರು. ಇಂಥ ಜ್ವರಗಳಲ್ಲಿ ನಮ್ಮ ದೇಶದಲ್ಲಿ ಮೊದಲು ನೆನಪಿಗೆ ಬರುವುದು ಕ್ಷಯವೇ. ಸಕ್ಕರೆ ಇರುವ ಮನುಷ್ಯ, ಶ್ವಾಸಕೋಶದ ಮೇಲ್ಭಾಗದಲ್ಲಿ ನೆರಳು, ರಾತ್ರಿ ಬೆವರು, ತೂಕನಷ್ಟ ಇಷ್ಟಿದ್ದರೆ ನನ್ನ ಕೈಯಲ್ಲಿದ್ದರೂ ನಾನು ಬಹುಶಃ ಕ್ಷಯದ ಔಷಧವನ್ನೇ ಆರಂಭಿಸುತ್ತಿದ್ದೆ. ಆದ್ದರಿಂದ ಅಲ್ಲಿನ ವೈದ್ಯರನ್ನು ದೂರಬೇಡಿ. ಆದರೆ ಔಷಧಕ್ಕೆ ಬಗ್ಗುವ ಕ್ಷಯವಾಗಿದ್ದರೆ ಎರಡು ಮೂರು ವಾರದೊಳಗೆ ಸಾಮಾನ್ಯವಾಗಿ ಜ್ವರ ಇಳಿಯತೊಡಗಿ ಹಸಿವು ಮರಳುತ್ತದೆ. ಏಳು ವಾರವಾದರೂ ಇಳಿಯದಿದ್ದರೆ, ಅದರ ಮೇಲೆ ಹೊಸದಾಗಿ ಕೀಲುನೋವು ಬಂದರೆ, ಹಾಕಿಕೊಂಡ ಲೆಕ್ಕವನ್ನು ಮೊದಲಿನಿಂದ ಮತ್ತೆ ಹಾಕಬೇಕು.

ನನ್ನ ಗಮನ ಸೆಳೆದದ್ದು ಗುಲ್ಮದ ಚುಕ್ಕೆಗಳು. ಅವು ಸಣ್ಣ ಸಣ್ಣ ಕೀವುಗುಳ್ಳೆಗಳಿರಬಹುದು. ಹತೋಟಿಯಲ್ಲಿಲ್ಲದ ಸಕ್ಕರೆ, ಮಳೆಗಾಲದ ಗದ್ದೆ, ಕಾಲಿನ ಗಾಯ, ಶ್ವಾಸಕೋಶ, ಗುಲ್ಮ, ಈಗ ಕೀಲು ಇವೆಲ್ಲವೂ ಒಬ್ಬನಲ್ಲಿಯೇ ಸೇರಿದಾಗ ಕರಾವಳಿಯ ವೈದ್ಯನಾದವನು ಕೇಳಿಕೊಳ್ಳಲೇಬೇಕಾದ ಒಂದು ಹೆಸರಿದೆ, ಮೆಲಿಯಾಯ್ಡೋಸಿಸ್. ಇದು ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಬದುಕುವ ಬರ್ಕ್‌ಹೋಲ್ಡೇರಿಯಾ ಸ್ಯೂಡೋಮಲೈ ಎಂಬ ಬ್ಯಾಕ್ಟೀರಿಯಾದಿಂದ ಬರುವ ಸೋಂಕು. ಗಾಯದ ಮೂಲಕ, ಕೆಲವೊಮ್ಮೆ ಉಸಿರಿನ ಅಥವಾ ಕುಡಿಯುವ ನೀರಿನ ಮೂಲಕ ದೇಹವನ್ನು ಸೇರುತ್ತದೆ. ಆರೋಗ್ಯವಂತರನ್ನು ಅದು ಹೆಚ್ಚು ಕಾಡುವುದಿಲ್ಲ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ, ಅತಿಯಾದ ಮದ್ಯಪಾನ ಇರುವವರನ್ನು ಹುಡುಕಿಕೊಂಡು ಬರುತ್ತದೆ. 1911ರಲ್ಲಿ ರಂಗೂನಿನಲ್ಲಿ ವಿಟ್‌ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು ಇದನ್ನು ಮೊದಲು ಗುರುತಿಸಿದರು. ಪುಸ್ತಕಗಳಲ್ಲಿ ವಿಟ್‌ಮೋರ್ ಕಾಯಿಲೆ ಎಂದು ಒಬ್ಬರ ಹೆಸರು ಮಾತ್ರ ಉಳಿದು ಕೃಷ್ಣಸ್ವಾಮಿಯವರದು ಬಿದ್ದುಹೋದದ್ದು ನನಗೆ ಇಂದಿಗೂ ಸರಿ ಕಾಣುವುದಿಲ್ಲ, ಇರಲಿ. ಕ್ಷಯವನ್ನು ಇದು ಎಷ್ಟು ಚೆನ್ನಾಗಿ ಅನುಕರಿಸುತ್ತದೆಂದರೆ, ಕ್ಷಯದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದ ಮೇಲೆ ಸರಿಯಾದ ಹೆಸರು ಸಿಕ್ಕಿದ ರೋಗಿಗಳನ್ನು ನಾನು ಕಂಡಿದ್ದೇನೆ.

ನನ್ನ ಎರಡು ಪ್ರಶ್ನೆಗಳಿಗೆ ಉತ್ತರಿಸಿ. ತಂದೆಯವರಿಗೆ ಮೂತ್ರ ಮಾಡುವಾಗ ತೊಂದರೆ ಇದೆಯೇ? ಗಂಡಸರಲ್ಲಿ ಇದು ಪ್ರಾಸ್ಟೇಟ್ ಗ್ರಂಥಿಯಲ್ಲಿಯೂ ಕೀವು ಕಟ್ಟುವುದುಂಟು. ಎರಡನೆಯದಾಗಿ, ರಕ್ತದ ಕಲ್ಚರ್‌ನಲ್ಲಿ "ಮುಖ್ಯವಾದದ್ದೇನೂ ಬಂದಿಲ್ಲ" ಎಂದು ಬರೆದಿದ್ದೀರಿ. "ಏನೂ ಬೆಳೆಯಲಿಲ್ಲ" ಎಂಬುದು ಬೇರೆ, "ಮುಖ್ಯವಾದದ್ದು ಬೆಳೆಯಲಿಲ್ಲ" ಎಂಬುದು ಬೇರೆ. ಆ ಕಾಗದವನ್ನೇ ಹುಡುಕಿ ಓದಿ. ಕ್ಷಯದ ಮಾತ್ರೆಯನ್ನು ಮಾತ್ರ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.

ಬ್ರಹ್ಮಾವರದ ಮಗಳು (ಅಕ್ಟೋಬರ್ 9)

ವೈದ್ಯರೇ, ನಿಮ್ಮ ಉತ್ತರ ಓದಿ ನಿನ್ನೆ ರಾತ್ರಿಯೇ ಕೊನೆಯ ಬಸ್ಸಿಗೆ ಊರಿಗೆ ಬಂದೆ. ಹಸು ಕಂದು ಹಾಕಿಲ್ಲ, ಹಾಲನ್ನು ಕಾಯಿಸಿಯೇ ಕುಡಿಯುತ್ತೇವೆ. ಕೋಟದ ಹಿರಿಯರಿಗೂ ಕೃತಜ್ಞತೆಗಳು. ಮೂತ್ರದ ವಿಷಯ ಕೇಳಿದಾಗ ಅಪ್ಪಯ್ಯ ನನ್ನ ಮುಖ ನೋಡಲಿಲ್ಲ. ಒಂದು ತಿಂಗಳಿಂದ ರಾತ್ರಿ ಐದಾರು ಸಲ ಏಳುತ್ತಾರೆ, ಮೂತ್ರ ನಿಂತು ನಿಂತು ಬರುತ್ತದೆ, ಉರಿಯುತ್ತದೆ ಎಂದು ಅಮ್ಮ ಹೇಳಿದರು. ಸಕ್ಕರೆ ಇರುವವರಿಗೆ ಹೀಗೆಯೇ ಎಂದುಕೊಂಡು ಇಬ್ಬರೂ ಯಾವ ವೈದ್ಯರಲ್ಲಿಯೂ ಬಾಯಿ ಬಿಟ್ಟಿಲ್ಲ.

ಫೈಲಿನಲ್ಲಿ ಎಕ್ಸ್‌ರೇ ಕವರಿನ ಒಳಗೆ ಸೇರಿಹೋಗಿದ್ದ ಆಗಸ್ಟ್ 12ರ ಕಾಗದವೊಂದು ಸಿಕ್ಕಿತು. ರಕ್ತದ ಎರಡು ಬಾಟಲಿಗಳಲ್ಲಿ ಒಂದರಲ್ಲಿ "ಸ್ಯೂಡೋಮೊನಾಸ್ ಪ್ರಭೇದ ಬೆಳೆದಿದೆ, ಹೊರಗಿನಿಂದ ಸೇರಿದ್ದಾಗಿರಬಹುದು, ರೋಗಲಕ್ಷಣದೊಂದಿಗೆ ಹೋಲಿಸಿ ನೋಡಿ" ಎಂದಿದೆ. ಕೆಳಗೆ ಔಷಧಗಳ ಪಟ್ಟಿ ಇದೆ. ಜೆಂಟಾಮೈಸಿನ್ ಮತ್ತು ಕೊಲಿಸ್ಟಿನ್ ಎದುರು "ನಿರೋಧ" ಎಂದೂ, ಸೆಫ್ಟಾಜಿಡಿಮ್, ಮೆರೊಪೆನೆಮ್, ಕೋಟ್ರೈಮಾಕ್ಸಜೋಲ್ ಎದುರು "ಸಂವೇದಿ" ಎಂದೂ ಗುರುತಿದೆ. ಇದನ್ನು ನಮಗೆ ಯಾರೂ ವಿವರಿಸಿರಲಿಲ್ಲ. ಆ ವರದಿ ಬಂದ ದಿನ ನಮ್ಮನ್ನು ನೋಡಿದವರು ಬೇರೆ ವೈದ್ಯರಾಗಿದ್ದರು.

ಅಗಾರ್ ತಟ್ಟೆ, ಮಂಗಳೂರು

ನಾನು ವೈದ್ಯನಲ್ಲ, ಸೂಕ್ಷ್ಮಾಣುಜೀವಿ ಪ್ರಯೋಗಾಲಯದಲ್ಲಿ ಹದಿನಾರು ವರ್ಷದಿಂದ ತಟ್ಟೆಗಳನ್ನು ನೋಡುತ್ತ ಬಂದವನು. ಹಿರಿಯ ವೈದ್ಯರ ಮಾತಿಗೆ ನನ್ನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ನೀವು ಬರೆದ ಆ ಔಷಧಗಳ ಸಾಲುಗಳನ್ನು ಓದುತ್ತಿದ್ದಂತೆ ನಾನು ಕುರ್ಚಿಯಲ್ಲಿ ನೇರವಾಗಿ ಕುಳಿತೆ.

ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕಾಣುವ ಸ್ಯೂಡೋಮೊನಾಸ್ ಎರುಜಿನೋಸಾಕ್ಕೆ ಕೋಟ್ರೈಮಾಕ್ಸಜೋಲ್ ನಾಟುವುದಿಲ್ಲ. ಕೊಲಿಸ್ಟಿನ್ ಸಾಧಾರಣವಾಗಿ ನಾಟುತ್ತದೆ. ನಿಮ್ಮ ಕಾಗದದಲ್ಲಿರುವುದು ಇದಕ್ಕೆ ಸರಿಯಾಗಿ ತಿರುಗುಮುರುಗು. ಜೆಂಟಾಮೈಸಿನ್‌ಗೂ ಕೊಲಿಸ್ಟಿನ್‌ಗೂ ಬಗ್ಗದೆ, ಕೋಟ್ರೈಮಾಕ್ಸಜೋಲ್‌ಗೆ ಬಗ್ಗುವ ಇಂಥ ಬ್ಯಾಕ್ಟೀರಿಯಾವನ್ನು ನಮ್ಮ ಭಾಗದ ಯಾವ ಪ್ರಯೋಗಾಲಯವೂ "ಸ್ಯೂಡೋಮೊನಾಸ್ ಪ್ರಭೇದ" ಎಂದು ಬರೆದು ಬದಿಗಿಡಬಾರದು. ಅದು ಮೆಲಿಯಾಯ್ಡೋಸಿಸ್‌ನ ಬ್ಯಾಕ್ಟೀರಿಯಾದ ನಡತೆ. ಹಿಂದೆ ಇದನ್ನೂ ಸ್ಯೂಡೋಮೊನಾಸ್ ಕುಲದಲ್ಲಿಯೇ ಸೇರಿಸಿದ್ದರು, ಆದ್ದರಿಂದ ಗೊಂದಲ ಹೊಸದೇನಲ್ಲ. ಹೆಸರು ಕೊಡುವ ಯಂತ್ರಗಳೂ ಕೆಲವೊಮ್ಮೆ ಇದನ್ನು ಅದರ ನೆಂಟರ ಹೆಸರಿನಿಂದ ಕರೆಯುತ್ತವೆ. ಎರಡು ಬಾಟಲಿಗಳಲ್ಲಿ ಒಂದರಲ್ಲಿ ಮಾತ್ರ ಬಂದಿತೆಂದು ಕಲಬೆರಕೆ ಎಂದುಕೊಳ್ಳುವುದು ಚರ್ಮದ ಮೇಲಿರುವ ಬ್ಯಾಕ್ಟೀರಿಯಾಗಳ ಮಟ್ಟಿಗೆ ಸರಿಯಾದೀತು, ಇದರ ಮಟ್ಟಿಗೆ ಸರಿಯಲ್ಲ. ಈ ಬ್ಯಾಕ್ಟೀರಿಯಾ ಒಂದೇ ಒಂದು ಮಾದರಿಯಲ್ಲಿ ಸಿಕ್ಕರೂ ಅದನ್ನು ರೋಗವೆಂದೇ ತಿಳಿಯಬೇಕು.

ಇನ್ನೊಂದು ಸುಳಿವು ನಿಮ್ಮ ಮೊದಲ ಬರಹದಲ್ಲಿಯೇ ಇದೆ. ಡಾಕ್ಸಿಸೈಕ್ಲಿನ್ ಈ ಬ್ಯಾಕ್ಟೀರಿಯಾವನ್ನು ಕೊಲ್ಲದಿದ್ದರೂ ಸ್ವಲ್ಪ ಮಟ್ಟಿಗೆ ತಡೆದು ನಿಲ್ಲಿಸುತ್ತದೆ. ಇಲಿಜ್ವರವೆಂದು ಕೊಟ್ಟ ಏಳು ದಿನದ ಔಷಧದಲ್ಲಿ ಜ್ವರ ಬಿಟ್ಟದ್ದು, ಹತ್ತು ದಿನದೊಳಗೆ ಮತ್ತೆ ತಲೆ ಎತ್ತಿದ್ದು ಎರಡನ್ನೂ ಇದು ವಿವರಿಸುತ್ತದೆ. ಜ್ವರ ಬಿಟ್ಟಿತಲ್ಲ, ಅಂದಮೇಲೆ ಇಲಿಜ್ವರವೇ ಇದ್ದಿರಬೇಕು ಎಂದು ಎಲ್ಲರೂ ನಂಬಿದ್ದೂ ಸಹಜವೇ.

ಆದರೂ ಆಗಸ್ಟ್ ತಿಂಗಳ ಒಂದು ಕಾಗದದ ಮೇಲೆ ತೀರ್ಮಾನ ಮಾಡಲಾಗದು, ಮತ್ತೆ ಕಲ್ಚರ್ ಮಾಡಿಸಬೇಕು. ಕಲ್ಚರ್ ಪರೀಕ್ಷೆ ಈ ರೋಗವನ್ನು ಹಿಡಿಯುವುದು ಸುಮಾರು 60 ಪ್ರತಿಶತ ಸಂದರ್ಭಗಳಲ್ಲಿ ಮಾತ್ರ. ಆದ್ದರಿಂದ ರಕ್ತ ಒಂದನ್ನೇ ಕಳುಹಿಸದೆ ಮೂತ್ರ, ಕಫ, ಗಂಟಲಿನ ದ್ರವ, ಕೀಲಿನಿಂದ ತೆಗೆದ ನೀರು ಅಥವಾ ಕೀವು ಎಲ್ಲವನ್ನೂ ಕಳುಹಿಸುವಂತೆ ಕೇಳಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಪರೀಕ್ಷೆಯ ಚೀಟಿಯಲ್ಲಿ "ಮೆಲಿಯಾಯ್ಡೋಸಿಸ್ ಶಂಕೆ, ಸಕ್ಕರೆ ಕಾಯಿಲೆ ಇದೆ, ಗದ್ದೆ ಕೆಲಸ" ಎಂದು ಬರೆಸಿರಿ. ನಮ್ಮ ಕೈಗೆ ಬರುವ ಚೀಟಿಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ "ಜ್ವರ" ಎಂದಷ್ಟೇ ಇರುತ್ತದೆ. ಅಷ್ಟರಿಂದ ನಾವು ಏನನ್ನು ಹುಡುಕಬೇಕು? ಶಂಕೆ ಬರೆದಿದ್ದರೆ ಆಶ್‌ಡೌನ್ ಎಂಬ ವಿಶೇಷ ಮಾಧ್ಯಮದಲ್ಲಿ ಹಾಕಿ ಹೆಚ್ಚು ದಿನ ಕಾಯುತ್ತೇವೆ. ಅದರಲ್ಲಿ ಮೂರು ನಾಲ್ಕು ದಿನಕ್ಕೆ ನೇರಳೆ ಬಣ್ಣದ, ಒಣಗಿದ ಹೂವಿನಂತೆ ಸುಕ್ಕುಗಟ್ಟಿದ ಗುಂಪುಗಳು ಏಳುತ್ತವೆ, ಒಮ್ಮೆ ಕಂಡವನು ಮರೆಯಲಾರ. ಸೂಕ್ಷ್ಮದರ್ಶಕದಲ್ಲಿ ಎರಡು ತುದಿಗಳು ಮಾತ್ರ ಬಣ್ಣ ಹೀರಿ ಸೇಫ್ಟಿ ಪಿನ್ನಿನಂತೆ ಕಾಣುತ್ತದೆ. ಚೀಟಿಯಲ್ಲಿ ಬರೆಸುವುದು ನಮ್ಮ ರಕ್ಷಣೆಗೂ ಬೇಕು, ಏಕೆಂದರೆ ಈ ತಟ್ಟೆಗಳನ್ನು ತೆರೆದ ಮೇಜಿನ ಮೇಲೆ ಮೂಸಿ ನೋಡುವ ಹಳೆಯ ಅಭ್ಯಾಸ ಅಪಾಯಕಾರಿ.

ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಸೂಕ್ಷ್ಮಾಣುಜೀವಿ ವಿಭಾಗದವರು ಈ ರೋಗದ ಮೇಲೆ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. ನಿಮ್ಮ ಊರಿಗೆ ಅದು ದೂರವೂ ಅಲ್ಲ.

ನಿವೃತ್ತ ವೈದ್ಯ, ಉಡುಪಿ

ಪ್ರಯೋಗಾಲಯದ ಸ್ನೇಹಿತರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಇನ್ನು ತಡ ಮಾಡುವಂತಿಲ್ಲ. ಈ ಸೋಂಕು ತಿಂಗಳುಗಟ್ಟಲೆ ಮೆಲ್ಲಗೆ ಸುಡುತ್ತಿದ್ದು ಒಂದು ದಿನ ಇದ್ದಕ್ಕಿದ್ದಂತೆ ರಕ್ತದಲ್ಲಿ ಹರಡಿ ರಕ್ತದೊತ್ತಡ ಕುಸಿಯುವಂತೆ ಮಾಡಬಲ್ಲದು. ಉಸಿರಾಟ ಜೋರಾದರೆ, ಮಾತು ತೊದಲಿದರೆ, ಮೂತ್ರ ಕಡಿಮೆಯಾದರೆ ನಾಳೆಯವರೆಗೆ ಕಾಯದೆ ತುರ್ತು ವಿಭಾಗಕ್ಕೆ ಹೋಗಿ.

ವಿಭಾಗ ಯಾವುದೆಂದು ಕೇಳಿದ್ದೀರಿ. ಸಾಮಾನ್ಯ ವೈದ್ಯಕೀಯ ವಿಭಾಗದಲ್ಲಿ ದಾಖಲಾಗಿ. ಸೋಂಕು ರೋಗಗಳ ತಜ್ಞರಿದ್ದರೆ ಅವರೂ ನೋಡುವಂತೆ ಕೇಳಿ. ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಸಿಟಿ ಸ್ಕ್ಯಾನ್ ಆಗಬೇಕು, ಸೊಂಟದ ಕೀಲನ್ನು ಮೂಳೆ ತಜ್ಞರು ನೋಡಬೇಕು. ಕೀವು ಕಟ್ಟಿದ್ದರೆ ಅದನ್ನು ತೆಗೆಯದೆ ಔಷಧ ಮಾತ್ರದಿಂದ ಕೆಲಸ ಪೂರ್ತಿಯಾಗುವುದಿಲ್ಲ. ಮಜ್ಜೆಯ ಪರೀಕ್ಷೆಯನ್ನು ಬೇಡವೆನ್ನಬೇಡಿ. ಅದನ್ನು ಮಾಡುವುದಾದರೆ ಅದರ ಒಂದು ಭಾಗ ಕಲ್ಚರ್‌ಗೂ ಹೋಗಲಿ. ಕ್ಯಾನ್ಸರ್ ಶಂಕೆಯೂ ಅರ್ಥವಿಲ್ಲದ್ದಲ್ಲ. ಎರಡು ರೋಗಗಳು ಒಟ್ಟಿಗೇ ಇರುವುದೂ ಉಂಟು.

ಈಗಿನ ವೈದ್ಯರಿಗೆ ಬೇಸರವಾಗದಂತೆ ಹೇಳುವ ಬಗೆ ಎಂದರೆ, ಅಭಿಪ್ರಾಯವನ್ನಲ್ಲ, ಆ ಕಾಗದವನ್ನು ಅವರ ಮುಂದಿಡುವುದು. "ಅಂತರ್ಜಾಲದಲ್ಲಿ ಓದಿದೆವು" ಎಂದು ಆರಂಭಿಸಿದರೆ ಯಾವ ವೈದ್ಯನಿಗೂ, ನನಗೂ, ಕಿವಿ ಮುಚ್ಚಿಹೋಗುತ್ತದೆ. "ಆಗಸ್ಟ್ 12ರ ಈ ವರದಿಯನ್ನು ನೀವು ನೋಡಿದ್ದೀರಾ? ಇದು ಮೆಲಿಯಾಯ್ಡೋಸಿಸ್ ಆಗಿರಬಹುದೇ ಎಂದು ಪರೀಕ್ಷಿಸಬಹುದೇ?" ಎಂದಷ್ಟೇ ಕೇಳಿ. ಹೋಗುವಾಗ ನೀವು ಇಲ್ಲಿ ಬರೆದ ತಾರೀಖುಗಳನ್ನು ಒಂದು ಪುಟದಲ್ಲಿ ಬರೆದುಕೊಂಡು ಹೋಗಿ. ಮೂತ್ರದ ವಿಷಯವನ್ನು ಅದರಲ್ಲಿ ಮೊದಲು ಬರೆಯಿರಿ, ತಂದೆಯವರು ಬಾಯಿ ಬಿಡುವವರಲ್ಲ.

ಕಾಪು ಕಡಲು

ನಮ್ಮ ಭಾವನಿಗೆ ಇದೇ ಕಾಯಿಲೆ ಆಗಿತ್ತು. ಅವರು ಕೆಂಪುಕಲ್ಲಿನ ಕೋರೆಯಲ್ಲಿ ಕೆಲಸ ಮಾಡುತ್ತಿದ್ದವರು, ಕುಡಿತವೂ ಇತ್ತು. ಹೆಸರು ಗೊತ್ತಾದ ಮೇಲೆ ಮುಂದೇನಾಗುತ್ತದೆ ಎಂಬುದನ್ನು ಯಾರೂ ಬರೆದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಮೊದಲು ರಕ್ತನಾಳಕ್ಕೆ ದಿನಕ್ಕೆ ಮೂರು ಸಲ ಇಂಜೆಕ್ಷನ್, ಕನಿಷ್ಠ ಎರಡು ವಾರ. ಆರಂಭಿಸಿದ ಮರುದಿನವೇ ಜ್ವರ ಬಿಡುತ್ತದೆಂದು ತಿಳಿಯಬೇಡಿ. ನಮ್ಮವರಿಗೆ ಒಂದು ವಾರ ದಾಟಿದರೂ ಜ್ವರ ಇತ್ತು, ಔಷಧ ಬದಲಾಯಿಸಿ ಎಂದು ನಾವು ಜಗಳಕ್ಕೇ ಹೋಗಿದ್ದೆವು. ಇದರಲ್ಲಿ ಜ್ವರ ಇಳಿಯುವುದೇ ನಿಧಾನ ಎಂದು ವೈದ್ಯರು ತಾಳ್ಮೆಯಿಂದ ವಿವರಿಸಿದರು. ಆಮೇಲೆ ಮನೆಗೆ ಕಳುಹಿಸಿ ಕೋಟ್ರೈಮಾಕ್ಸಜೋಲ್ ಮಾತ್ರೆ ಮೂರರಿಂದ ಆರು ತಿಂಗಳು ಎಂದರು. ನಿಜವಾದ ಪರೀಕ್ಷೆ ಇಲ್ಲಿಂದ ಆರಂಭ. ಮಾತ್ರೆ ದೊಡ್ಡದು, ಪ್ರಮಾಣವೂ ಹೆಚ್ಚು, ಹೊಟ್ಟೆ ತೊಳಸುತ್ತದೆ. ಚರ್ಮದಲ್ಲಿ ದದ್ದು ಎದ್ದರೆ ತಕ್ಷಣ ತಿಳಿಸಬೇಕು. ರಕ್ತಕಣ, ಮೂತ್ರಪಿಂಡ, ಪೊಟ್ಯಾಸಿಯಂ ಪರೀಕ್ಷೆಯನ್ನು ಆಗಾಗ ಮಾಡಿಸಬೇಕು. ಭಾವ ಮೂರನೆಯ ತಿಂಗಳಲ್ಲಿ ಮೈಕೈ ತುಂಬಿಕೊಂಡು, ಇನ್ನು ಯಾಕೆಂದು ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟರು. ಮುಂದಿನ ಮಳೆಗಾಲಕ್ಕೆ ಪಿತ್ತಜನಕಾಂಗದಲ್ಲಿ ಕೀವು ಕಟ್ಟಿ ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಅಕ್ಕ ಇಂದಿಗೂ ಅದನ್ನು ಎತ್ತಿ ಆಡುತ್ತಾಳೆ.

ಖರ್ಚಿನ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಸೌಲಭ್ಯವಿದೆ. ತುರ್ತು ಸಂದರ್ಭವಲ್ಲದಿದ್ದರೆ ಸರಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕಾಗುತ್ತದೆ. ದಾಖಲಾಗುವ ಮೊದಲೇ ಆ ಕಾಗದ ಮಾಡಿಸಿಕೊಳ್ಳಿ. ನಾವು ಆಮೇಲೆ ಓಡಾಡಿ ಸಾಕಾಯಿತು.

ಬ್ರಹ್ಮಾವರದ ಮಗಳು (ನವೆಂಬರ್ 4)

ಇಷ್ಟು ದಿನ ಬರೆಯಲಾಗದ್ದಕ್ಕೆ ಕ್ಷಮೆ ಇರಲಿ. ಅಕ್ಟೋಬರ್ 10ರಂದು ಆಗಸ್ಟ್ ತಿಂಗಳ ಕಾಗದವನ್ನೂ ನನ್ನ ಒಂದು ಪುಟವನ್ನೂ ನಮ್ಮ ವೈದ್ಯರ ಮುಂದಿಟ್ಟೆ. ಅವರು ಎರಡು ಸಲ ಓದಿದರು. ಬೇಸರ ಮಾಡಿಕೊಳ್ಳಲಿಲ್ಲ, "ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ" ಎಂದರು. ತಾವೇ ಫೋನ್ ಮಾಡಿ ದೊಡ್ಡ ಆಸ್ಪತ್ರೆಗೆ ಕಳುಹಿಸಿಕೊಟ್ಟರು. ಸಿಟಿ ಸ್ಕ್ಯಾನ್‌ನಲ್ಲಿ ಗುಲ್ಮದ ತುಂಬ ಸಣ್ಣ ಕೀವುಗುಳ್ಳೆಗಳು, ಪ್ರಾಸ್ಟೇಟ್‌ನಲ್ಲಿ ಒಂದು, ಎಡ ಸೊಂಟದ ಕೀಲಿನಲ್ಲಿ ನೀರು ಕಂಡುಬಂದವು. ಈ ಸಲ ರಕ್ತದಲ್ಲಿ ಏನೂ ಬೆಳೆಯಲಿಲ್ಲ. ಕೀಲಿನ ದ್ರವದಲ್ಲಿಯೂ ಮೂತ್ರದಲ್ಲಿಯೂ ಬೆಳೆಯಿತು. ನಾಲ್ಕನೆಯ ದಿನ ಹೆಸರು ಬಂತು: ಬರ್ಕ್‌ಹೋಲ್ಡೇರಿಯಾ ಸ್ಯೂಡೋಮಲೈ. ರಕ್ತವನ್ನು ಮಾತ್ರ ಕಳುಹಿಸಿದ್ದರೆ ಮತ್ತೊಮ್ಮೆ ಕೈತಪ್ಪುತ್ತಿತ್ತು. ಮಂಗಳೂರಿನ ಸ್ನೇಹಿತರಿಗೆ ಹೇಗೆ ಕೃತಜ್ಞತೆ ಹೇಳಲಿ?

ಕೀಲನ್ನು ತೊಳೆದು ಕೀವು ತೆಗೆದರು. ಮೆರೊಪೆನೆಮ್ ಇಂಜೆಕ್ಷನ್ ಅಕ್ಟೋಬರ್ 15ರಿಂದ ನಡೆಯುತ್ತಿದೆ. ಕೀಲಿಗೂ ತಗಲಿರುವುದರಿಂದ ಎರಡು ವಾರ ಸಾಲದು, ಕನಿಷ್ಠ ನಾಲ್ಕು ವಾರ ಬೇಕು ಎಂದಿದ್ದಾರೆ. ಕ್ಷಯದ ಮಾತ್ರೆಯನ್ನು ಅಲ್ಲಿನ ವೈದ್ಯರೇ ನಿಲ್ಲಿಸಿದ್ದಾರೆ. ಹತ್ತನೆಯ ದಿನ ಜ್ವರ ಬಿಟ್ಟಿತು. ಕಾಪುವಿನವರು ಮೊದಲೇ ಬರೆಯದಿದ್ದರೆ ನಾನೂ ಐದನೆಯ ದಿನಕ್ಕೆ ಜಗಳ ತೆಗೆಯುತ್ತಿದ್ದೆ. ಮೊನ್ನೆ ಅಪ್ಪಯ್ಯ, ಆಸ್ಪತ್ರೆಯ ಬೆಳ್ತಿಗೆ ಅನ್ನ ತಮಗೆ ಸೇರುವುದಿಲ್ಲ, ಮನೆಯಿಂದ ಕುಚ್ಚಲಕ್ಕಿ ಗಂಜಿ ತರಬೇಕೆಂದು ಸಿಟ್ಟು ಮಾಡಿದರು. ಅಮ್ಮ ಅಳುತ್ತ ನಕ್ಕರು.

ಇನ್ನೊಂದು ಸಂಶಯ ಉಳಿದಿದೆ. ಅದೇ ಗದ್ದೆಯಲ್ಲಿ ಅದೇ ದಿನ ಅಮ್ಮನೂ ನೇಜಿ ನೆಟ್ಟಿದ್ದಾರೆ, ಮೂರು ತಿಂಗಳು ಅಪ್ಪಯ್ಯನ ಪಕ್ಕದಲ್ಲಿಯೇ ಮಲಗಿದ್ದಾರೆ. ಅವರಿಗೂ ಪರೀಕ್ಷೆ ಬೇಕೇ? ಇಬ್ಬರೂ ಇನ್ನು ಗದ್ದೆಗೆ ಇಳಿಯಲೇಬಾರದೇ?

ನಿವೃತ್ತ ವೈದ್ಯ, ಉಡುಪಿ

ಓದಿ ಬಹಳ ಸಂತೋಷವಾಯಿತು. ನಿಮ್ಮ ವೈದ್ಯರ ಆ ಒಂದು ಮಾತಿಗೆ ನನ್ನ ಗೌರವ ತಿಳಿಸಿ, ಅಷ್ಟು ನೇರವಾಗಿ ಹೇಳುವವರು ಕಡಿಮೆ.

ಅಮ್ಮನವರಿಗೆ ಪಕ್ಕದಲ್ಲಿ ಮಲಗಿದ್ದರಿಂದ ಬರುವ ಭಯ ಬೇಡ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದು ತೀರ ಅಪರೂಪ. ಜ್ವರವೋ ಕೆಮ್ಮೋ ಇಲ್ಲದೆ ಕಲ್ಚರ್ ಮಾಡಿಸುವುದರಲ್ಲಿಯೂ ಅರ್ಥವಿಲ್ಲ. ಆದರೆ ಅವರ ಸಕ್ಕರೆಯನ್ನು ಒಮ್ಮೆಯಾದರೂ ಪರೀಕ್ಷಿಸಿದ್ದೀರಾ? ಗದ್ದೆಯ ಮಣ್ಣಿಗಿಂತ ಅದು ಮುಖ್ಯ. ಸಕ್ಕರೆ ಇಲ್ಲದಿದ್ದರೆ ಅವರು ಗದ್ದೆಗೆ ಇಳಿಯಬಹುದು, ಗಾಯವಿರುವ ದಿನ ಬೇಡ. ತಂದೆಯವರು ಮಾತ್ರ ಮಾತ್ರೆಯ ಅವಧಿ ಮುಗಿದು ಸಕ್ಕರೆ ಹತೋಟಿಗೆ ಬರುವವರೆಗೆ ಕೆಸರು ಮುಟ್ಟುವುದು ಬೇಡ. ಆಮೇಲೂ ಮಳೆಗಾಲದಲ್ಲಿ ಬರಿಗಾಲು ಬೇಡವೇ ಬೇಡ. ಮೊಣಕಾಲುದ್ದದ ಗಂಬೂಟು ಹಾಕಿ ಎಂದು ನಾವು ವೈದ್ಯರು ಸುಲಭವಾಗಿ ಹೇಳಿಬಿಡುತ್ತೇವೆ, ಬೈಲುಗದ್ದೆಯ ಕೆಸರಿನಲ್ಲಿ ಅದು ಕಾಲಿನಿಂದ ಕಳಚಿ ಅಲ್ಲಿಯೇ ಉಳಿಯುತ್ತದೆ ಎಂಬುದು ನನಗೂ ಗೊತ್ತು. ಹುಣಿ ಕಟ್ಟುವುದು, ನೀರು ಬಿಡುವುದು ಮುಂತಾದ ಕೆಲಸಕ್ಕಾದರೂ ಹಾಕಲಿ, ನಾಟಿಯನ್ನು ಯಂತ್ರಕ್ಕೆ ಬಿಡಲಿ. ಕುಡಿಯುವ ನೀರು ಬಾವಿಯದಾದರೆ ಕುದಿಸಿಯೇ ಕುಡಿಯಲಿ.

ಅಮ್ಮನವರ ಸಕ್ಕರೆಯ ವರದಿ ಬಂದ ಮೇಲೆ ಎಷ್ಟಿದೆ ಎಂದು ಬರೆಯಿರಿ.